ಆದೀತು, ಆಗುವುದು, ಆಗತಕ್ಕದ್ದು
ಇಂಗ್ಲಿಷ್ ಭಾಷೆಯು ನಾಳಿನ ಲಾಭವನ್ನೂ ಪರಿಣಾಮವನ್ನೂ ನುಡಿಯುವ ಬಗೆ

ನಿನ್ನೆ ನಡೆದುದನ್ನು ಹೇಳುವ ಮಾತಿಗೆ ಸಾಕ್ಷಿ ಸಿಗುತ್ತದೆ. ಇಂದು ನಡೆಯುತ್ತಿರುವುದನ್ನು ಹೇಳುವ ಮಾತನ್ನು ಕಣ್ಣಾರೆ ಕಂಡು ಪರೀಕ್ಷಿಸಬಹುದು. ನಾಳೆ ನಡೆಯಲಿರುವುದನ್ನು ಹೇಳುವ ಮಾತಿಗೆ ಮಾತ್ರ ಆಡಿದವನ ನುಡಿಯೊಂದೇ ಆಧಾರ. ಆದುದರಿಂದಲೇ ಲೋಕದ ಭಾಷೆಗಳೆಲ್ಲವೂ ಭವಿಷ್ಯವನ್ನು ನುಡಿಯುವಾಗ ತಮ್ಮದೇ ಆದ ಎಚ್ಚರಗಳನ್ನು ಇಟ್ಟುಕೊಂಡಿವೆ. ಆ ಎಚ್ಚರಗಳನ್ನು ಅರಿಯದೆ ಓದುವವನು ಆಸೆಪಟ್ಟದ್ದನ್ನು ಭರವಸೆಯೆಂದು ತಿಳಿಯುತ್ತಾನೆ. ಆಜ್ಞೆಯನ್ನು ಸಲಹೆಯೆಂದು ಭ್ರಮಿಸುತ್ತಾನೆ.

ಕರ್ನಾಟಕದಲ್ಲಿ 1963ರ ಅಧಿನಿಯಮದ ಪ್ರಕಾರ ಕನ್ನಡವೇ ಆಡಳಿತ ಭಾಷೆ. ಆದರೂ ನಮ್ಮ ಮನೆಗಳಿಗೆ ಬಂದು ಸೇರುವ ಕಾಗದಗಳಲ್ಲಿ ಬಹುಪಾಲು ಇಂಗ್ಲಿಷಿನವು. ಮನೆ ಕಟ್ಟಲು ತೆಗೆದ ಸಾಲದ ಕರಾರು, ಜೀವವಿಮೆಯ ಪಾಲಿಸಿ, ಮಗನಿಗೆ ಬಂದ ನೌಕರಿಯ ಪತ್ರ, ಮಗಳಿಗೆ ಹೊರದೇಶದ ವಿಶ್ವವಿದ್ಯಾಲಯ ಕಳುಹಿಸಿದ ಪ್ರವೇಶಪತ್ರ, ಇವೆಲ್ಲವೂ ನಾಳಿನ ಮಾತುಗಳೇ. ಹಿರಿಯರು ಕನ್ನಡಕ ಏರಿಸಿ ಅಂಕಿಗಳನ್ನು ಮಾತ್ರ ಓದಿ ರುಜು ಹಾಕುತ್ತಾರೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳು ಪದಗಳ ಅರ್ಥ ಹೇಳುತ್ತಾರೆ. ಕ್ರಿಯಾಪದದ ಬಲವನ್ನು ಹೇಳಲಾರರು. ಅಂಕಿ ಎಷ್ಟೇ ದೊಡ್ಡದಿರಲಿ, ಅದರ ಮುಂದಿರುವ ಸಣ್ಣ ಸಹಾಯಕ ಕ್ರಿಯಾಪದವೇ ಅದರ ನಿಜವಾದ ಬೆಲೆಯನ್ನು ನಿರ್ಧರಿಸುತ್ತದೆ. ಈ ವಿಷಯವನ್ನು ನಮ್ಮ ಭಕ್ತಕುಟುಂಬಗಳ ಮುಂದೆ ಸರಳವಾಗಿ ಬಿಡಿಸಿ ಇಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ನುಡಿಯ ಸಂಪತ್ತು

ಪರರ ಮನೆಯ ವ್ಯವಹಾರ ತಿಳಿಯುವ ಮೊದಲು ನಮ್ಮ ಮನೆಯ ಸಂಪತ್ತನ್ನು ಅರಿಯುವುದು ಲೇಸು. ಕನ್ನಡದ ಕ್ರಿಯಾಪದಕ್ಕೆ ಸಂಭಾವನಾರ್ಥಕವೆಂಬ ರೂಪವೊಂದುಂಟು. ‘ಮಳೆ ಬಂದೀತು’, ‘ಅವನು ಕೊಟ್ಟಾನು’, ‘ಬೀಗರು ಒಪ್ಪಿಯಾರು’ ಎಂಬಲ್ಲಿ ಆಗುವ ಸಾಧ್ಯತೆಯೂ ಆಗದಿರುವ ಸಾಧ್ಯತೆಯೂ ಒಂದೇ ಪ್ರತ್ಯಯದಲ್ಲಿ ಅಡಗಿವೆ. ರೈತನು ಹೊಲದ ಬದುವಿನ ಮೇಲೆ ನಿಂತು ‘ಈ ಸಲ ಹತ್ತು ಚೀಲ ಜೋಳ ಆದೀತು’ ಎಂದರೆ ಅದು ಆಸೆ. ತಾಯಿ ಮಗುವಿಗೆ ‘ಮೆಲ್ಲಗೆ ನಡೆ, ಬಿದ್ದೀಯೆ’ ಎಂದರೆ ಅದು ಎಚ್ಚರಿಕೆ. ರೂಪ ಒಂದೇ, ಲಾಭವೋ ಅಪಾಯವೋ ಎಂಬುದನ್ನು ಸಂದರ್ಭವೂ ದನಿಯೂ ತಿಳಿಸುತ್ತವೆ.

ಸಂಸ್ಕೃತ ವೈಯಾಕರಣರು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ನಡೆದಿದ್ದಾರೆ. ಪಾಣಿನಿಯು ಒಂದು ಕ್ರಿಯೆ ಕಾರಣವಾಗಿ, ಇನ್ನೊಂದು ಅದರ ಫಲವಾಗಿ ಬರುವಲ್ಲಿ ಲಿಙ್ ಲಕಾರವನ್ನು ವಿಧಿಸಿದನು. ಕಾರಣವು ನೆರವೇರದೆ ಫಲವೂ ತಪ್ಪಿಹೋಗುವಲ್ಲಿ ಲೃಙ್ ಲಕಾರವನ್ನು ಬೇರೆಯಾಗಿ ಹೇಳಿದನು. ಹರಸುವ ಮಾತಿಗೆ ಆಶೀರ್ಲಿಙ್ ಎಂಬ ಇನ್ನೊಂದು ರೂಪವನ್ನೂ ಇಟ್ಟನು. ಮಠದ ಪಾಠಶಾಲೆಯಲ್ಲಿ ಈ ಲಕಾರಗಳನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಇಂಗ್ಲಿಷಿನ ಈ ಭಾಗ ಅಪರಿಚಿತವೆನಿಸುವುದಿಲ್ಲ. ಹೆಸರು ಬೇರೆ, ರೂಪ ಬೇರೆ. ಬಗೆಹರಿಸಬೇಕಾದ ಪ್ರಶ್ನೆ ಮಾತ್ರ ಒಂದೇ. ಆಗಿಯೇ ತೀರುವುದೇ, ಆದೀತೇ, ಆಗಬೇಕಾದುದೇ, ಅಥವಾ ಆಗದೇ ಹೋದುದೇ?

ಇಚ್ಛೆ ಮತ್ತು ಋಣ

ಇಂಗ್ಲಿಷಿನ ಕ್ರಿಯಾಪದಕ್ಕೆ ಭೂತಕಾಲದ ರೂಪವುಂಟು. ಭವಿಷ್ಯತ್ತಿಗೆ ಪ್ರತ್ಯೇಕ ಪ್ರತ್ಯಯವಿಲ್ಲ. ಆ ಕೊರತೆಯನ್ನು ತುಂಬಲು ಆ ಭಾಷೆ ವಿಲ್, ಶಲ್ ಎಂಬ ಎರಡು ಸಹಾಯಕ ಪದಗಳನ್ನು ಬಳಸಿಕೊಂಡಿತು. ಇವುಗಳ ಹುಟ್ಟು ಮನನಯೋಗ್ಯವಾದುದು. ಹಳೆಯ ಇಂಗ್ಲಿಷಿನಲ್ಲಿ ವಿಲ್ ಎಂದರೆ ಬಯಸು, ಇಚ್ಛಿಸು ಎಂದು ಅರ್ಥ. ಮರಣಾನಂತರ ಆಸ್ತಿ ಹೀಗೆ ಹಂಚಿಕೆಯಾಗಲಿ ಎಂದು ಬರೆದಿಡುವ ಪತ್ರಕ್ಕೂ ಇದೇ ಹೆಸರು ಬಂದಿತು. ನಮ್ಮ ಕನ್ನಡದ ‘ಉಯಿಲು’ ಎಂಬ ಮಾತು ಅದರದೇ ರೂಪಾಂತರ. ಶಲ್ ಎಂಬುದಕ್ಕೆ ಮೂಲದಲ್ಲಿ ಋಣಿಯಾಗಿರು, ಸಲ್ಲಿಸಬೇಕಾಗಿರು ಎಂಬ ಅರ್ಥವಿತ್ತು. ಹೀಗೆ ಒಂದು ಪದದ ಬೇರು ಇಚ್ಛೆಯಲ್ಲಿ, ಇನ್ನೊಂದರ ಬೇರು ಸಾಲದಲ್ಲಿ. ನಾಳೆ ಎಂಬುದು ನಾವು ಬಯಸಿದ್ದೋ, ನಾವು ತೀರಿಸಬೇಕಾದ್ದೋ ಆಗಿರುತ್ತದೆ ಎಂಬ ಲೋಕಸತ್ಯವೇ ಆ ಎರಡು ಪದಗಳಲ್ಲಿ ಉಳಿದುಬಂದಂತಿದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತ ಬೋಧಿಸುತ್ತಿದ್ದ ಜಾನ್ ವಾಲಿಸ್ ಎಂಬ ವಿದ್ವಾಂಸನು 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇಂಗ್ಲಿಷಿನ ವ್ಯಾಕರಣವೊಂದನ್ನು ಪ್ರಕಟಿಸಿದನು. ಇವೆರಡರ ಬಳಕೆಗೆ ಅವನು ಹಾಕಿಕೊಟ್ಟ ನಿಯಮ ಬಹುಕಾಲ ಶಾಲೆಗಳಲ್ಲಿ ನಿಂತಿತು. ಉತ್ತಮಪುರುಷದಲ್ಲಿ, ಅಂದರೆ ‘ನಾನು’ ಎಂಬಲ್ಲಿ, ಶಲ್ ಬಂದರೆ ಬರಿಯ ಮುಂದಿನ ಸಂಗತಿ. ವಿಲ್ ಬಂದರೆ ವಾಗ್ದಾನ ಅಥವಾ ಬೆದರಿಕೆ. ‘ನೀನು’, ‘ಅವನು’ ಎಂಬಲ್ಲಿ ಇದು ತಿರುವುಮುರುವಾಗುತ್ತದೆ. ವಾಗ್ದಾನವನ್ನೂ ಬೆದರಿಕೆಯನ್ನೂ ಅವನು ಒಂದೇ ಸಾಲಿನಲ್ಲಿ ಇಟ್ಟುದು ಗಮನಾರ್ಹ. ಕೊಡುತ್ತೇನೆ ಎಂಬುದೂ ಕಸಿದುಕೊಳ್ಳುತ್ತೇನೆ ಎಂಬುದೂ ಆಡುವವನ ಸಂಕಲ್ಪದಿಂದಲೇ ಹೊರಡುತ್ತವೆ.

ಇಂದಿನ ಆಡುಮಾತಿನಲ್ಲಿ ಈ ಭೇದ ಬಹುಮಟ್ಟಿಗೆ ಅಳಿದಿದೆ. ಎಲ್ಲ ಕಡೆಯಲ್ಲೂ ವಿಲ್ ಕೇಳಿಬರುತ್ತದೆ. ಆದರೆ ಕಾನೂನಿನ ಮಾತಿನಲ್ಲಿ ಶಲ್ ತನ್ನ ಹಳೆಯ ಋಣದ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಭಾರತ ಸಂವಿಧಾನದ ಇಂಗ್ಲಿಷ್ ಪಾಠದ ಮೊದಲನೆಯ ಅನುಚ್ಛೇದದಲ್ಲಿಯೇ ಈ ಪದ ಬರುತ್ತದೆ. ನಮ್ಮ ಅಧಿನಿಯಮಗಳನ್ನು ಕನ್ನಡಕ್ಕೆ ತಂದವರು ಇದಕ್ಕೆ ‘ತಕ್ಕದ್ದು’ ಎಂಬ ಪದವನ್ನು ಗೊತ್ತುಮಾಡಿದ್ದಾರೆ. ‘ಸಲ್ಲಿಸತಕ್ಕದ್ದು’, ‘ಪಾವತಿ ಮಾಡತಕ್ಕದ್ದು’ ಎಂಬ ಮಾತು ಕಿವಿಗೆ ಒರಟೆನಿಸಿದರೂ ಅರ್ಥದಲ್ಲಿ ಅದು ಅತ್ಯಂತ ಪ್ರಾಮಾಣಿಕವಾದ ಅನುವಾದ. ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ದೇಶಗಳಲ್ಲಿ ಶಾಸನಗಳ ಕರಡು ಬರೆಯುವವರು ಈಚಿನ ದಶಕಗಳಲ್ಲಿ ಶಲ್ ಬಿಟ್ಟು ಮಸ್ಟ್ ಎಂಬುದನ್ನು ಬಳಸತೊಡಗಿದ್ದಾರೆ. ಓದುವವನಿಗೆ ಸಂಶಯ ಉಳಿಯಬಾರದೆಂಬುದೇ ಅವರ ಉದ್ದೇಶ. ನಮ್ಮ ದೇಶದ ಕರಾರುಪತ್ರಗಳಲ್ಲಿ ಶಲ್ ಇಂದಿಗೂ ಸಾಮಾನ್ಯ. ‘ದ ಬಾರೋವರ್ ಶಲ್’ ಎಂದು ಆರಂಭವಾಗುವ ವಾಕ್ಯವನ್ನು ಕಂಡಲ್ಲಿ, ಸಾಲ ಪಡೆದವನು ಮುಂದೇನೋ ಮಾಡುತ್ತಾನೆ ಎಂದು ಓದಬಾರದು. ಮಾಡಲೇಬೇಕಾದ ಬದ್ಧತೆ ಅವನ ಮೇಲಿದೆ ಎಂದು ಓದಬೇಕು.

ಸಂಶಯವೋ, ಅಧಿಕಾರವೋ?

ಮೇ ಎಂಬ ಪದ ಇನ್ನೂ ಹೆಚ್ಚು ತೊಡಕಿನದು. ಇದರ ಮೂಲಾರ್ಥ ಶಕ್ತನಾಗಿರು ಎಂದು. ಕ್ಯಾನ್ ಎಂಬುದರ ಮೂಲಾರ್ಥ ಬಲ್ಲವನಾಗಿರು ಎಂದು. ಕಾಲಕ್ರಮದಲ್ಲಿ ಮೇ ಎಂಬುದಕ್ಕೆ ಮೂರು ಅರ್ಥಗಳು ಕೂಡಿಕೊಂಡವು. ‘ಇಟ್ ಮೇ ರೇನ್’ ಎಂದರೆ ಮಳೆ ಬಂದೀತು; ಇದು ಸಂಶಯ. ‘ಯು ಮೇ ಗೋ’ ಎಂದರೆ ನೀವು ಹೋಗಬಹುದು. ಇದು ಅನುಮತಿ ಅಥವಾ ಅಧಿಕಾರ. ‘ಮೇ ಯು ಪ್ರಾಸ್ಪರ್’ ಎಂದರೆ ನಿಮಗೆ ಏಳಿಗೆಯಾಗಲಿ, ಇದು ಹರಕೆ. ಪಾಣಿನಿ ಬೇರೆ ಬೇರೆ ಹೆಸರಿಟ್ಟು ವಿಂಗಡಿಸಿದ ಅರ್ಥಗಳನ್ನು ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿಟ್ಟಿದೆ. ಮೈಟ್ ಎಂಬುದು ಇದರ ಭೂತರೂಪ. ಸಂಶಯದ ಅರ್ಥದಲ್ಲಿ ಅದು ಮೇಗಿಂತ ಒಂದು ಮೆಟ್ಟಿಲು ದುರ್ಬಲವಾದುದು.

ಈ ಗೊಂದಲ ಮನೆಯನ್ನೇ ಅಲುಗಿಸಬಲ್ಲದು. ಕೆಲವು ವರ್ಷಗಳ ಹಿಂದೆ ಹಿರಿಯ ಭಕ್ತರೊಬ್ಬರು ಸಾಲದ ನೋಟೀಸೊಂದನ್ನು ತಂದು ನಮ್ಮ ಮುಂದೆ ಹಿಡಿದರು. ಮಗ ಅಂಗಡಿಗಾಗಿ ಸಾಲ ತೆಗೆದು ಕಂತು ಕಟ್ಟಿರಲಿಲ್ಲ, ಮನೆ ಅಡಮಾನವಾಗಿತ್ತು. “ಶಾಸ್ತ್ರಿಗಳೇ, ಮನೆ ಸ್ವಾಧೀನ ಮಾಡಿಕೊಳ್ಳುವ ಕಡೆ ‘ಮೇ’ ಅಂತಲೇ ಬರೆದಿದ್ದಾರೆ ನೋಡಿ. ಮಾಡಿದರೂ ಮಾಡಿಯಾರು, ಬಿಟ್ಟರೂ ಬಿಟ್ಟಾರು, ಅಲ್ಲವೇ?” ಎಂದು ಕೇಳಿದರು. ಆ ‘ಮೇ’ ಸಂಶಯದ್ದಲ್ಲ, ಅಧಿಕಾರದ್ದು ಎಂದು ತಿಳಿಸಿ, ಆ ದಿನವೇ ವಕೀಲರನ್ನು ಕಾಣುವಂತೆ ಹೇಳಿ ಕಳುಹಿಸಿದೆವು.

ಈ ವಿಷಯದಲ್ಲಿ ಕಾನೂನಿನ ಸ್ಥಿತಿಯನ್ನು ಎಲ್ಲರೂ ತಿಳಿದಿರಬೇಕು. 2002ರ ಸರ್ಫೇಸಿ ಅಧಿನಿಯಮದ 13ನೆಯ ಪ್ರಕರಣದಂತೆ, ಸಾಲ ವಸೂಲಾಗದ ಖಾತೆಯೆಂದು ಗೊತ್ತುಪಡಿಸಿದ ಮೇಲೆ ಬ್ಯಾಂಕು ನೋಟೀಸು ಕೊಟ್ಟು 60 ದಿನಗಳ ಅವಕಾಶ ನೀಡುತ್ತದೆ. ಆ ಅವಧಿಯಲ್ಲಿ ಬಾಕಿ ತೀರದಿದ್ದರೆ ಬ್ಯಾಂಕು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಆಸ್ತಿಯ ಮೇಲೆ ಕ್ರಮ ಕೈಗೊಳ್ಳಬಹುದೆಂದು ಆ ಪ್ರಕರಣ ಹೇಳುತ್ತದೆ. ಇಲ್ಲಿ ಇಂಗ್ಲಿಷ್ ಪಾಠದಲ್ಲಿರುವ ಪದ ಮೇ. ಅದರ ಅರ್ಥ ‘ಕೈಗೊಂಡೀತು’ ಎಂದಲ್ಲ, ‘ಕೈಗೊಳ್ಳುವ ಅಧಿಕಾರ ಅದಕ್ಕಿದೆ’ ಎಂದು. ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಯ ಮೊರೆ ಹೋಗಲು ಸಾಲಗಾರನಿಗೂ ಅವಕಾಶವಿದೆ. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಈ ಅಧಿನಿಯಮ ಅನ್ವಯಿಸುವುದಿಲ್ಲ. ಮೇ ಎಂಬ ಒಂದು ಪದವನ್ನು ಮಳೆಯ ಮಾತಿನಂತೆ ಓದಿ ಆ 60 ದಿನಗಳನ್ನು ಕಳೆದುಕೊಂಡರೆ ಮನೆಯ ಗತಿಯೇನಾದೀತು ಎಂಬುದನ್ನು ಓದುಗರೇ ಊಹಿಸಬಹುದು.

ಇಲ್ಲಿ ಕನ್ನಡವೇ ನಮಗೆ ಒರೆಗಲ್ಲಾಗುತ್ತದೆ. ‘ಬಹುದು’ ಎಂದು ಅನುವಾದಿಸಿದರೆ ಗೊಂದಲ ತೀರದು. ‘ಮಳೆ ಬರಬಹುದು’, ‘ನೀವು ಹೋಗಬಹುದು’ ಎಂದು ಆ ಪದಕ್ಕೂ ಎರಡು ಅರ್ಥವುಂಟು. ಆದರೆ ‘ಬಂದೀತು’ ಎಂಬ ಸಂಭಾವನಾರ್ಥಕಕ್ಕೆ ಒಂದೇ ಅರ್ಥ. ಆದುದರಿಂದ ಮೇ ಕಂಡಲ್ಲೆಲ್ಲ ಮೊದಲು ‘ಈತು’, ‘ಆರು’ ಎಂಬ ಪ್ರತ್ಯಯ ಹಚ್ಚಿ ನೋಡಬೇಕು. ಅನಂತರ ‘ಅಧಿಕಾರವಿದೆ’ ಎಂದು ಹಚ್ಚಿ ನೋಡಬೇಕು. ಕರ್ತೃಪದದ ಜಾಗದಲ್ಲಿ ಮಳೆ, ಬೆಲೆ, ಬಡ್ಡಿಯ ದರ, ಮಾರುಕಟ್ಟೆ ಇದ್ದರೆ ಬಹುಮಟ್ಟಿಗೆ ಅದು ಸಂಶಯ. ಬ್ಯಾಂಕು, ಕಂಪನಿ, ಸರ್ಕಾರ ಇದ್ದರೆ ಬಹುಮಟ್ಟಿಗೆ ಅದು ಅಧಿಕಾರ. ಅಧಿಕಾರದ ಮಾತು ಕರ್ತವ್ಯವನ್ನೂ ಹೊತ್ತು ಬರಬಲ್ಲದು ಎಂಬ ವಿಚಾರ ನ್ಯಾಯಾಲಯಗಳಿಗೆ ಹೊಸದಲ್ಲ. 1880ರಲ್ಲಿಯೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಆಕ್ಸ್‌ಫರ್ಡಿನ ಬಿಷಪ್ಪರ ಪ್ರಕರಣದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿತು.

‘ಇಫ್’ ಎಂಬ ಬಾಗಿಲು

ಲಾಭಕ್ಕೂ ಪರಿಣಾಮಕ್ಕೂ ಇಂಗ್ಲಿಷಿನಲ್ಲಿ ಮುಖ್ಯ ಬಾಗಿಲು ಇಫ್ ಎಂಬ ಪದ. ನಮ್ಮಲ್ಲಿ ಆ ಕೆಲಸವನ್ನು ‘ರೆ’ ಮಾಡುತ್ತದೆ. ‘ಮಳೆ ಬಂದರೆ ಬೆಳೆ ಬರುವುದು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ನಮ್ಮ ಮಕ್ಕಳು ಎರಡೂ ಕಡೆ ವಿಲ್ ಹಾಕಿಬಿಡುತ್ತಾರೆ. ಇಂಗ್ಲಿಷಿನ ಕ್ರಮ ಹಾಗಿಲ್ಲ. ನಿಯಮದ ಭಾಗದಲ್ಲಿ ವರ್ತಮಾನಕಾಲ, ಫಲದ ಭಾಗದಲ್ಲಿ ಮಾತ್ರ ವಿಲ್: ‘ಇಫ್ ಇಟ್ ರೇನ್ಸ್, ದ ಕ್ರಾಪ್ ವಿಲ್ ಗ್ರೋ.’ ಇದು ಸಂಭವವಿರುವ ಮಾತು.

ಎರಡನೆಯ ಬಗೆಯಲ್ಲಿ ನಿಯಮದ ಭಾಗಕ್ಕೆ ಭೂತಕಾಲ ಬರುತ್ತದೆ, ಫಲಕ್ಕೆ ವುಡ್ ಬರುತ್ತದೆ. ‘ಇಫ್ ವಿ ಹ್ಯಾಡ್ ವಾಟರ್, ವಿ ವುಡ್ ಗ್ರೋ ಶುಗರ್‌ಕೇನ್.’ ನೀರಿದ್ದಿದ್ದರೆ ಕಬ್ಬು ಬೆಳೆಯುತ್ತಿದ್ದೆವು. ಈಗ ನೀರಿಲ್ಲ ಎಂಬುದು ಅದರ ಒಳಗಿನ ಮಾತು. ಭೂತಕಾಲದ ರೂಪ ಇಲ್ಲಿ ಹಿಂದಿನ ಕಾಲವನ್ನು ಹೇಳುತ್ತಿಲ್ಲ, ದೂರವನ್ನು ಹೇಳುತ್ತಿದೆ. ಇದು ವಿಚಿತ್ರವೆನಿಸಬೇಕಾಗಿಲ್ಲ. ನಮ್ಮ ‘ಬಂದರೆ’ ಎಂಬುದೂ ‘ಬಂದ’ ಎಂಬ ಭೂತರೂಪದ ಮೇಲೆಯೇ ನಿಂತಿದೆ. ಇನ್ನೂ ಬಾರದ ಮಳೆಯನ್ನು ಬಂದದ್ದೆಂದು ಕಲ್ಪಿಸಿಕೊಂಡೇ ನಾವೂ ಬೆಳೆಯ ಮಾತಾಡುತ್ತೇವೆ.

ಮೂರನೆಯ ಬಗೆ ಲೃಙ್ ಲಕಾರಕ್ಕೆ ಸಮಾನವಾದುದು. ವಿಮಾ ಸಂಸ್ಥೆಯಿಂದ ‘ಇಫ್ ದ ಪ್ರೀಮಿಯಂ ಹ್ಯಾಡ್ ಬೀನ್ ಪೇಡ್, ದ ಕ್ಲೇಮ್ ವುಡ್ ಹ್ಯಾವ್ ಬೀನ್ ಅಡ್ಮಿಟೆಡ್’ ಎಂಬ ಪತ್ರ ಬಂದರೆ, ಇಂಗ್ಲಿಷ್ ಅರೆಬರೆ ತಿಳಿದವನು ಪ್ರೀಮಿಯಂ, ಪಾವತಿ, ಕ್ಲೇಮ್, ಅಂಗೀಕಾರ ಎಂಬ ಪದಗಳನ್ನು ಮಾತ್ರ ಹಿಡಿದು ಹಣ ಬರುತ್ತದೆಂದು ಸಂತೋಷಪಟ್ಟಾನು. ಪತ್ರ ಹೇಳುತ್ತಿರುವುದು ಇದಕ್ಕೆ ತದ್ವಿರುದ್ಧ: ಕಂತು ಕಟ್ಟಿದ್ದರೆ ಕ್ಲೇಮ್ ಒಪ್ಪುತ್ತಿದ್ದೆವು; ಕಟ್ಟಿಲ್ಲ, ಆದ್ದರಿಂದ ಒಪ್ಪಿಲ್ಲ. ಎರಡು ಇಲ್ಲಗಳು ಆ ವಾಕ್ಯದಲ್ಲಿ ಕಣ್ಣಿಗೆ ಕಾಣದೆ ಕುಳಿತಿವೆ.

ಇಫ್ ಪದಕ್ಕೆ ಹಲವು ಬಂಧುಗಳುಂಟು. ಪ್ರೊವೈಡೆಡ್ ದಟ್, ಸಬ್ಜೆಕ್ಟ್ ಟು, ಇನ್ ದ ಇವೆಂಟ್ ಆಫ್ ಮುಂತಾದವು ಎಲ್ಲಿ ಬಂದರೂ ಅವುಗಳ ಹಿಂದೆ ಒಂದು ‘ರೆ’ ಇದೆಯೆಂದು ತಿಳಿಯಬೇಕು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಪ್ರವೇಶಪತ್ರವನ್ನು ಷರತ್ತಿನ ಆಹ್ವಾನ, ಷರತ್ತಿಲ್ಲದ ಆಹ್ವಾನ ಎಂದು ಎರಡು ಬಗೆಯಲ್ಲಿ ಕೊಡುತ್ತವೆ. ಮೊದಲನೆಯದರಲ್ಲಿ ನಿಗದಿತ ಅಂಕ ಬಂದರೆ, ಭಾಷಾಪರೀಕ್ಷೆಯಲ್ಲಿ ತೇರ್ಗಡೆಯಾದರೆ ಎಂಬ ಮಾತಿರುತ್ತದೆ. ಅದನ್ನು ಗಮನಿಸದೆ ಸಿಹಿ ಹಂಚಿ, ಹೊಲ ಒತ್ತೆಯಿಡಲು ಹೊರಡುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಅನ್‌ಲೆಸ್ ಎಂಬುದರಲ್ಲಿ ‘ಹೊರತು’ ಎಂಬ ನಿಷೇಧ ಅಡಗಿದೆ. ‘ಹದಿನೈದು ದಿನಗಳೊಳಗೆ ತಾವು ಬೇಡವೆಂದು ತಿಳಿಸದ ಹೊರತು ಈ ಸೇವೆ ಮುಂದುವರಿಯುವುದು’ ಎಂಬ ಅರ್ಥದ ವಾಕ್ಯ ಬಂದಾಗ ನಮ್ಮ ಮೌನಕ್ಕೇ ಪರಿಣಾಮವುಂಟು. ಇನ್ ಕೇಸ್ ಎಂಬುದು ಇನ್ನೊಂದು ಬಗೆ. ‘ಮಳೆ ಬಂದರೆ ಕೊಡೆ ಒಯ್ಯಿ’ ಎಂಬುದೇ ಬೇರೆ, ‘ಮಳೆ ಬಂದೀತೆಂದು ಕೊಡೆ ಒಯ್ಯಿ’ ಎಂಬುದೇ ಬೇರೆ. ‘ಟೇಕ್ ಆನ್ ಅಂಬ್ರೆಲಾ ಇನ್ ಕೇಸ್ ಇಟ್ ರೇನ್ಸ್’ ಎಂಬುದಕ್ಕೆ ಈ ಎರಡನೆಯದೇ ಅರ್ಥ. ಮೋಡವಿರಲಿ ಬಿಡಲಿ, ಕೊಡೆ ಮೊದಲೇ ಕೈಯಲ್ಲಿರಬೇಕು.

ಲಾಭದ ಪದ, ನಷ್ಟದ ಪದ

ಕನ್ನಡದ ‘ಆದೀತು’ ಲಾಭಕ್ಕೂ ನಷ್ಟಕ್ಕೂ ಸಮಾನವೆಂದು ಹೇಳಿದೆವು. ಇಂಗ್ಲಿಷಿನಲ್ಲಿ ಅನೇಕ ಪದಗಳು ಒಂದು ಕಡೆಗೆ ವಾಲಿಕೊಂಡಿವೆ. ಚಾನ್ಸ್ ಎಂಬುದು ಹೆಚ್ಚಾಗಿ ಒಳಿತಿನ ಸಾಧ್ಯತೆ, ರಿಸ್ಕ್ ಎಂಬುದು ಕೆಡುಕಿನ ಸಾಧ್ಯತೆ. ಲೈಕ್ಲಿ ಎಂಬುದು ಎರಡಕ್ಕೂ ಬರುತ್ತದೆ. ಲೈಯಬಲ್ ಎಂಬುದು ಕೆಡುಕಿಗೆ ಮಾತ್ರ, ಅದರಲ್ಲೂ ಹೊಣೆಗಾರಿಕೆಗೆ. ಪ್ರಾಮಿಸ್ ಎಂದರೆ ವಾಗ್ದಾನ, ಥ್ರೆಟನ್ ಎಂದರೆ ಬೆದರಿಕೆ. ಆದರೆ ಬೆಳೆಯೂ ಪ್ರಾಮಿಸ್ ಮಾಡುತ್ತದೆ, ಬಿರುಗಾಳಿಯೂ ಥ್ರೆಟನ್ ಮಾಡುತ್ತದೆ ಎಂದು ಆ ಭಾಷೆಯವರು ಹೇಳುವುದುಂಟು. ಬೆಳೆಗೂ ಗಾಳಿಗೂ ಸಂಕಲ್ಪವಿಲ್ಲ. ಲಾಭ ಕಾಣುತ್ತಿದೆ, ನಷ್ಟ ಕಾಣುತ್ತಿದೆ ಎಂಬಷ್ಟೇ ಅಲ್ಲಿಯ ಅರ್ಥ. ‘ಸ್ಟ್ಯಾಂಡ್ ಟು ಗೇನ್’, ‘ಸ್ಟ್ಯಾಂಡ್ ಟು ಲೂಸ್’ ಎಂಬ ನುಡಿಗಟ್ಟುಗಳು ಲಾಭ ಅಥವಾ ನಷ್ಟ ಬರಬಹುದಾದ ಸ್ಥಾನದಲ್ಲಿ ಒಬ್ಬನು ನಿಂತಿದ್ದಾನೆಂದು ಹೇಳುತ್ತವೆ. ಅದು ಬಂದಿತೆಂದು ಹೇಳುವುದಿಲ್ಲ. ಲೆಸ್ಟ್ ಎಂಬ ಹಳೆಯ ಪದವು ‘ಹಾಗಾದೀತು, ಜೋಕೆ’ ಎಂಬ ನಮ್ಮ ಎಚ್ಚರಿಕೆಗೆ ಸಮೀಪವಾದುದು.

ಹಣದ ಕಾಗದಗಳಲ್ಲಿ ಬರುವ ವಿಶೇಷಣಗಳನ್ನೂ ಹೀಗೆಯೇ ತೂಗಬೇಕು. ಗ್ಯಾರಂಟೀಡ್ ಎಂದರೆ ಬದ್ಧತೆ. ಎಕ್ಸ್‌ಪೆಕ್ಟೆಡ್, ಪ್ರೊಜೆಕ್ಟೆಡ್, ಇಂಡಿಕೇಟಿವ್ ಎಂದರೆ ಎಣಿಕೆ ಮಾತ್ರ. ಅಪ್ ಟು ಎಂದರೆ ‘ಅಷ್ಟರವರೆಗೆ’. ಶೇಕಡಾ 12ರವರೆಗೆ ಎಂಬಲ್ಲಿ ಒಂದೂ ಸೇರುತ್ತದೆ, ಎರಡೂ ಸೇರುತ್ತದೆ. ಜೀವವಿಮೆ ಮಾರುವಾಗ ತೋರಿಸುವ ಲಾಭದ ತಖ್ತೆಯಲ್ಲಿ ಶೇಕಡಾ 4 ಮತ್ತು 8ರ ಎರಡು ದರಗಳನ್ನು ಇಟ್ಟು ಲೆಕ್ಕ ಹಾಕಿರುತ್ತಾರೆ. ಇವು ಗ್ರಹಿಸಿಕೊಂಡ ದರಗಳು. ಕನಿಷ್ಠ ನಾಲ್ಕಾದರೂ ಬಂದೇ ಬರುತ್ತದೆಂದಾಗಲಿ, ಹೆಚ್ಚೆಂದರೆ ಎಂಟು ಎಂದಾಗಲಿ ಅದರ ಅರ್ಥವಲ್ಲ. ಅದೇ ಕಾಗದದಲ್ಲಿ ‘ಸಮ್ ಅಶ್ಯೂರ್ಡ್’ ಎಂಬ ಮೊತ್ತವು, ಪಾಲಿಸಿಯ ನಿಯಮಗಳನ್ನು ಪಾಲಿಸಿದಲ್ಲಿ ಸಂಸ್ಥೆ ಬದ್ಧವಾಗಿರುವ ಮೊತ್ತ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಆಸೆಯೂ ಭಯವೂ ಓದುವ ಬಗೆ

ಇಷ್ಟನ್ನು ಗಮನಿಸಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅನೇಕ ಕರಾರುಪತ್ರಗಳಲ್ಲಿ ನಮಗೆ ಬರಬೇಕಾದ ಲಾಭವು ಮೇ, ಮೈಟ್, ವುಡ್, ಅಪ್ ಟು ಎಂಬ ಮೆತ್ತನೆಯ ಮಾತುಗಳಲ್ಲಿ ಇರುತ್ತದೆ. ನಾವು ತೆರಬೇಕಾದ ಪರಿಣಾಮವು ಶಲ್, ಮಸ್ಟ್, ಲೈಯಬಲ್ ಎಂಬ ಗಟ್ಟಿಯಾದ ಮಾತುಗಳಲ್ಲಿ ಇರುತ್ತದೆ. ಆದರೆ ನಮ್ಮ ಮನಸ್ಸು ಓದುವುದು ತಿರುವುಮುರುವಾಗಿ. ಲಾಭದ ಕಡೆ ‘ಮೇ’ ಇದ್ದರೆ ಆಸೆ ಅದನ್ನು ‘ವಿಲ್’ ಎಂದು ಓದಿಕೊಳ್ಳುತ್ತದೆ. ಹೊಣೆಯ ಕಡೆ ‘ಶಲ್’ ಇದ್ದರೆ ಭಯ ಅದನ್ನು ‘ಮೇ’ ಎಂದು ಮೃದುಗೊಳಿಸಿಕೊಳ್ಳುತ್ತದೆ. ಮೋಸ ಎಲ್ಲ ವೇಳೆಯೂ ಕಾಗದದಲ್ಲಿ ಇರುವುದಿಲ್ಲ. ಎಷ್ಟೋ ವೇಳೆ ಓದುವ ಕಣ್ಣಿನಲ್ಲಿ ಇರುತ್ತದೆ.

ಇದಕ್ಕೆ ಅತ್ಯಂತ ದುಃಖಕರ ಉದಾಹರಣೆ ಜಾಮೀನು ಪತ್ರ. ಭಾಗಿನೇಯನಿಗಾಗಿ, ಷಡ್ಡಕನಿಗಾಗಿ, ನೆರೆಯವನಿಗಾಗಿ ‘ಸುಮ್ಮನೆ ಒಂದು ರುಜು’ ಎಂದು ಹಾಕಿಕೊಟ್ಟು ಬಳಲಿದ ಕುಟುಂಬಗಳು ಪ್ರತಿ ಊರಿನಲ್ಲೂ ಉಂಟು. ಅಲ್ಲಿ ಬರೆದಿರುವುದು ‘ಶಲ್ ಬಿ ಲೈಯಬಲ್’ ಎಂದು. 1872ರ ಭಾರತೀಯ ಕರಾರು ಅಧಿನಿಯಮದ 128ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದುದು. ಸಾಲ ಪಡೆದವನನ್ನು ಕಾಡಿಬೇಡಿ ಮುಗಿದ ಮೇಲೆ ಕೊನೆಗೆ ನಮ್ಮನ್ನು ಕೇಳಿಯಾರು ಎಂಬುದು ನಮ್ಮ ಮನಸ್ಸಿನ ‘ಆರು’ ಪ್ರತ್ಯಯ. ಕಾಗದದಲ್ಲಿ ಅದು ಇಲ್ಲ. ಸಂಬಂಧ ಉಳಿಸಿಕೊಳ್ಳಲೆಂದು ಹಾಕಿದ ರುಜುವೇ ಎಷ್ಟೋ ಸಂಬಂಧಗಳನ್ನು ಮುರಿದಿದೆ.

ಮನೆಯಲ್ಲಿ ಮಾಡಬೇಕಾದುದು

ಇದಕ್ಕೆ ಇಂಗ್ಲಿಷಿನಲ್ಲಿ ಮಹಾಪಾಂಡಿತ್ಯ ಬೇಕಿಲ್ಲ. ಯಾವ ಕಾಗದ ಬಂದರೂ ಮನೆಯವರೆಲ್ಲ ಒಟ್ಟಿಗೆ ಕುಳಿತು, ಓದು ಬಲ್ಲ ಮಗ ಅಥವಾ ಮಗಳಿಂದ ಅದರ ಸಹಾಯಕ ಕ್ರಿಯಾಪದಗಳ ಕೆಳಗೆ ಗೆರೆ ಎಳೆಸಬೇಕು. ಒಂದೊಂದರ ಪಕ್ಕದಲ್ಲಿ ಆದೀತು, ಆಗುವುದು, ಆಗತಕ್ಕದ್ದು, ಅಧಿಕಾರವಿದೆ ಎಂಬ ನಾಲ್ಕರಲ್ಲಿ ಒಂದನ್ನು ಬರೆಸಬೇಕು. ಪ್ರತಿ ಲಾಭದ ಮಾತಿಗೂ ‘ಯಾವ ರೆ?’ ಎಂದು ಕೇಳಬೇಕು. ಪ್ರತಿ ಹೊಣೆಯ ಮಾತಿಗೂ ‘ಎಷ್ಟು ದಿನ?’ ಎಂದು ಕೇಳಬೇಕು. ಮನೆಯ ಹೆಣ್ಣುಮಕ್ಕಳನ್ನು ಈ ಓದಿನಿಂದ ಹೊರಗಿಡಬಾರದು. ಸಹ-ಸಾಲಗಾರರೆಂದು ಅವರ ರುಜುವನ್ನೂ ಪಡೆಯುವಾಗ ಅವರ ಅರಿವನ್ನೂ ಪಡೆಯುವುದು ಧರ್ಮ.

ಕಾನೂನು ಕೊಟ್ಟಿರುವ ಅನುಕೂಲಗಳನ್ನೂ ಬಳಸಿಕೊಳ್ಳಬೇಕು. ಭಾರತೀಯ ರಿಸರ್ವ್ ಬ್ಯಾಂಕಿನ 2024ರ ಆದೇಶದಂತೆ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಪತ್ರವೊಂದನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ನಮಗೆ ತಿಳಿಯುವ ಭಾಷೆ ಕನ್ನಡ. ಸಂಕೋಚವಿಲ್ಲದೆ ಕನ್ನಡದಲ್ಲಿಯೇ ಕೇಳಿ ಪಡೆಯಬೇಕು. ಜೀವವಿಮೆಯ ಪಾಲಿಸಿ ಕೈಸೇರಿದ ಮೇಲೆ ಓದಿ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು 2024ರ ನಿಯಮಗಳು 30 ದಿನಗಳ ಅವಕಾಶ ಕೊಟ್ಟಿವೆ. ಆ ದಿನಗಳಲ್ಲಿ ಪಾಲಿಸಿಯನ್ನು ಕಪಾಟಿನಲ್ಲಿ ಇಡದೆ ಕೈಯಲ್ಲಿ ಇಟ್ಟುಕೊಳ್ಳಬೇಕು. ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಿಗೂ ನಮ್ಮದೊಂದು ಬಿನ್ನಹವುಂಟು. ಇಫ್ ವಾಕ್ಯಗಳ ಮೂರು ಬಗೆಯನ್ನು ಬರಿಯ ಸೂತ್ರವಾಗಿ ಕಲಿಸದೆ, ಕನ್ನಡದ ‘ಬಂದರೆ’, ‘ಬಂದಿದ್ದರೆ’, ‘ಬಂದೀತು’ ರೂಪಗಳ ಪಕ್ಕದಲ್ಲಿಟ್ಟು ಕಲಿಸಿದರೆ ಎರಡು ಭಾಷೆಯೂ ಬೆಳಗುತ್ತವೆ.

ನುಡಿಗೂ ನಡೆಗೂ ಅಂತರವಿರಬಾರದೆಂದು ಬದುಕಿ ತೋರಿಸಿದವರು ನಮ್ಮ ಶರಣರು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಹೆಚ್ಚಿನದು ನಮಗೆ ಸಲ್ಲದೆಂದು ಹೇಳಿ ಅದನ್ನು ಮರಳಿ ಸುರಿದು ಬರಲು ಕಳುಹಿಸಿದವಳು ಅವನ ಪತ್ನಿ ಲಕ್ಕಮ್ಮ. ನಾಳಿನ ಲಾಭಕ್ಕಾಗಿ ಕೈ ಚಾಚುವ ಮುನ್ನ ಅದು ಸಲ್ಲುವುದೋ ಸಲ್ಲದೋ ಎಂದು ಅವಳು ತೂಗಿ ನೋಡಿದಳು. ಅಂಥ ತೂಕ ನಮ್ಮ ಓದಿಗೂ ಬೇಕು. ಆಸೆಯಿಲ್ಲದ ಕಣ್ಣಿಗೆ ‘ಮೇ’ ಮೇ ಆಗಿಯೇ ಕಾಣುತ್ತದೆ. ಅಂಜಿಕೆಯಿಲ್ಲದ ಕಣ್ಣಿಗೆ ‘ಶಲ್’ ಶಲ್ ಆಗಿಯೇ ಕಾಣುತ್ತದೆ. ಕಾಯಕದಿಂದ ಗಳಿಸಿದ ಹಣವನ್ನೂ ಹಿರಿಯರು ಕಟ್ಟಿದ ಮನೆಯನ್ನೂ ಕಾಪಾಡಿಕೊಳ್ಳಲು ಇಂದು ಅಕ್ಷರದ ಈ ಎಚ್ಚರವೂ ಅವಶ್ಯ. ಮುಂದಿನ ಸಲ ಯಾವ ಕಾಗದಕ್ಕಾದರೂ ಲೇಖನಿ ಎತ್ತುವ ಮುನ್ನ ಆ ಸಣ್ಣ ಪದದ ಮೇಲೆ ಒಂದು ಗಳಿಗೆ ಕಣ್ಣಿಟ್ಟು ನಿಲ್ಲಬೇಕೆಂದು ಸಮಸ್ತ ಶರಣಬಂಧುಗಳಲ್ಲಿ ನಮ್ಮ ಪ್ರಾರ್ಥನೆ.

ಎಲ್ಲರಿಗೂ ಒಳಿತಾಗಲಿ. ಶರಣು ಶರಣಾರ್ಥಿ.